ಜ್ವರ ಬಿಟ್ಟ ಮೇಲೂ ಹೃದಯಕ್ಕೆ ವಿಶ್ರಾಂತಿ ಬೇಕು

ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳ ನಾಲೆ ಬಯಲಿನಲ್ಲಿ ಕಬ್ಬು, ಭತ್ತಗಳ ಕೆಲಸ ಯಾರ ಜ್ವರಕ್ಕೂ ಕಾಯುವುದಿಲ್ಲ. ಆದುದರಿಂದ ಮೈ ತಣ್ಣಗಾದ ಮರುದಿನವೇ ಕುಡುಗೋಲು ಹಿಡಿದು ಹೊರಡುವವರು ಅನೇಕರು. ಹೀಗೆ ಅವಸರಪಡುವುದು ಕೆಲವರ ಹೃದಯಕ್ಕೆ ಅಪಾಯಕಾರಿ. ಅದು ಹೇಗೆಂಬುದನ್ನು ತಿಳಿಯೋಣ.

ಡೆಂಗ್ಯೂ, ಚಿಕೂನ್‌ಗುನ್ಯಾ, ಇನ್‌ಫ್ಲುಯೆಂಜಾ, ಕೋವಿಡ್ ಇವೆಲ್ಲವೂ ವೈರಸ್ಸುಗಳಿಂದ ಬರುವ ರೋಗಗಳು. 2006ರಲ್ಲಿ ಚಿಕೂನ್‌ಗುನ್ಯಾ ನಮ್ಮ ರಾಜ್ಯದಲ್ಲೆಲ್ಲ ಹರಡಿತ್ತು. 2024ರಲ್ಲಿ ಸರ್ಕಾರವು ಡೆಂಗ್ಯೂವನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿತು. ಇಂತಹ ಜ್ವರ ಬಂದವರಲ್ಲಿ ಬಹುಮಂದಿ ಪೂರ್ಣ ಗುಣ ಹೊಂದುತ್ತಾರೆ. ಕೆಲವರಲ್ಲಿ ಮಾತ್ರ ಹೃದಯದ ಸ್ನಾಯುವಿಗೆ ಉರಿಯೂತ ಉಂಟಾಗುತ್ತದೆ. ವೈರಸ್ಸು ಸ್ನಾಯುವಿನ ಕಣಗಳನ್ನು ಕೆಡಿಸುವುದುಂಟು. ವೈರಸ್ಸಿನೊಡನೆ ಹೋರಾಡುವ ದೇಹದ ರಕ್ಷಣಾ ಶಕ್ತಿಯೇ ಅವುಗಳನ್ನು ಘಾಸಿಗೊಳಿಸುವುದೂ ಉಂಟು. ದಿನಕ್ಕೆ ಸುಮಾರು 1 ಲಕ್ಷ ಬಾರಿ ಮಿಡಿಯುವ ಹೃದಯವು ಆಗ ಬಲಗುಂದಿ, ಮಿಡಿತದ ಲಯ ತಪ್ಪಬಹುದು. ಇದು ಗಟ್ಟಿಮುಟ್ಟಾದ ಯುವಕರಿಗೂ ಬರಬಹುದು.

ಅಪಾಯದ ಚಿಹ್ನೆಗಳು

ಎದೆನೋವು, ಎದೆ ಡವಗುಟ್ಟುವುದು, ನಾಲ್ಕು ಹೆಜ್ಜೆಗೇ ಏದುಸಿರು, ಮಲಗಿದರೆ ಉಸಿರು ಕಟ್ಟುವುದು, ಕಾಲೂತ, ತಲೆಸುತ್ತಿ ಎಚ್ಚರ ತಪ್ಪುವುದು. ಹಸುಗೂಸು ಹಾಲು ಕುಡಿಯುವಾಗ ಬೆವರಿದರೆ ಅಥವಾ ವೇಗವಾಗಿ ಉಸಿರಾಡಿದರೆ ಅದೂ ಅಪಾಯದ ಗುರುತೇ. ಡೆಂಗ್ಯೂವಿನಲ್ಲಿ ಜ್ವರ ಇಳಿಯುವ ಹೊತ್ತೇ ಹೆಚ್ಚು ಎಚ್ಚರಿಕೆಯ ಹೊತ್ತೆಂಬುದನ್ನು ಮರೆಯಬಾರದು.

ಮಾಡಬೇಕಾದುದೇನು?

ಈ ಚಿಹ್ನೆಗಳು ಕಂಡರೆ ರೋಗಿಯನ್ನು ನಡೆಸದೆ, 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಕರೆತನ್ನಿರಿ. ಇ.ಸಿ.ಜಿ., ರಕ್ತಪರೀಕ್ಷೆ ಮತ್ತು ಎಕೋ ಪರೀಕ್ಷೆಗಳಿಂದ ಹೃದಯದ ಸ್ಥಿತಿ ತಿಳಿಯುತ್ತದೆ. ಹೆಚ್ಚಿನ ಚಿಕಿತ್ಸೆ ಅಗತ್ಯವಾದಲ್ಲಿ ವೈದ್ಯರು ಮಂಡ್ಯ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಆಸ್ಪತ್ರೆಗೋ ಮೈಸೂರಿನ ಜಯದೇವ ಆಸ್ಪತ್ರೆಗೋ ಕಳುಹಿಸುವರು.

"ಒಂದು ಬಾಟಲಿ ಗ್ಲೂಕೋಸ್ ಏರಿಸಿಬಿಡಿ" ಎಂದು ಒತ್ತಾಯಿಸಬೇಡಿರಿ. ಬಲಗುಂದಿದ ಹೃದಯಕ್ಕೆ ನೀರಿನ ಹೊರೆ ಹೆಚ್ಚಾದರೆ ಶ್ವಾಸಕೋಶದಲ್ಲಿ ನೀರು ತುಂಬಿ ಪ್ರಾಣಕ್ಕೇ ಸಂಚಕಾರ ಬರಬಹುದು. ಎಷ್ಟು ಕೊಡಬೇಕೆಂಬುದನ್ನು ನಾಡಿ, ರಕ್ತದೊತ್ತಡಗಳನ್ನು ನೋಡಿ ವೈದ್ಯರೇ ನಿರ್ಧರಿಸಬೇಕು. ನೋವಿನ ಚುಚ್ಚುಮದ್ದು, ಆಸ್ಪಿರಿನ್‌ಗಳನ್ನು ತಾವಾಗಿ ತೆಗೆದುಕೊಳ್ಳಬಾರದು. ಡೆಂಗ್ಯೂ ಇದ್ದಲ್ಲಿ ಅವುಗಳಿಂದ ರಕ್ತಸ್ರಾವವಾಗಬಹುದು.

ಹೃದಯದ ಉರಿಯೂತವೆಂದು ಖಚಿತವಾದವರು ಸಾಮಾನ್ಯವಾಗಿ 3ರಿಂದ 6 ತಿಂಗಳು ಕಬ್ಬು ಕಡಿಯುವುದು, ಮೂಟೆ ಹೊರುವುದು, ಓಟ, ಕಬಡ್ಡಿ ಮುಂತಾದ ಶ್ರಮವನ್ನು ಬಿಡಬೇಕು. ಮತ್ತೆ ಪರೀಕ್ಷೆ ಮಾಡಿಸಿ, ವೈದ್ಯರ ಒಪ್ಪಿಗೆ ಪಡೆದ ಬಳಿಕವೇ ಕೆಲಸಕ್ಕೆ ಇಳಿಯಬೇಕು. ಈ ಅವಧಿಯಲ್ಲಿ ದುಡಿಮೆಯ ಭಾರವನ್ನು ಮನೆಯವರು ಹಂಚಿಕೊಳ್ಳುವುದೂ ಚಿಕಿತ್ಸೆಯ ಒಂದು ಭಾಗವೇ.

ರೋಗ ಬಾರದಂತೆ ತಡೆಯುವುದು ಇನ್ನೂ ಮೇಲು. ಡೆಂಗ್ಯೂ ಸೊಳ್ಳೆ ಮನೆಯ ತೊಟ್ಟಿ, ಡ್ರಮ್ಮುಗಳಲ್ಲಿ ನಿಂತ ನೀರಿನಲ್ಲಿ ಮೊಟ್ಟೆಯಿಡುತ್ತದೆ. ವಾರಕ್ಕೊಮ್ಮೆ ಅವುಗಳನ್ನು ಬರಿದು ಮಾಡಿ, ಉಜ್ಜಿ ತೊಳೆದು, ಮುಚ್ಚಿಡಿರಿ.

ಒಂದು ಸುಗ್ಗಿ ತಪ್ಪಿದರೆ ಮತ್ತೊಂದು ಬಂದೀತು. ಮನೆಗೆ ಆಧಾರವಾದ ಜೀವ ಹೋದರೆ ಮರಳಿ ಬಾರದು.