ತಿಥಿಯ ಹಬ್ಬ, ವಾರದ ಹಬ್ಬ

ಯುಗಾದಿ ಹತ್ತಿರವಾಯಿತೆಂದರೆ ಹಳೆಯ ಮೈಸೂರು ಸೀಮೆಯ ಬಹಳಷ್ಟು ಮನೆಗಳಿಗೆ ಒಂಟಿಕೊಪ್ಪಲ್ ಪಂಚಾಂಗ ಬರುತ್ತದೆ. ಗೋಡೆಯ ಮೊಳೆಗೆ ತೂಗುಬಿದ್ದ ಆ ಪುಸ್ತಕವನ್ನು ವರ್ಷವಿಡೀ ತಿರುವಿಹಾಕುವವರಲ್ಲಿ ಎಷ್ಟೋ ಮಂದಿಗೆ, ಒಂಟಿಕೊಪ್ಪಲು ಎಂಬುದು ಒಂದು ಊರಿನ ಹೆಸರೆಂದು ಹೊಳೆದಿರಲಾರದು. ಕೊಪ್ಪಲು ಎಂದರೆ ದೊಡ್ಡ ಊರಿನಿಂದ ಅಷ್ಟು ದೂರದಲ್ಲಿ, ಹೊಲಗದ್ದೆಗಳ ನಡುವೆ ಎದ್ದ ಸಣ್ಣ ಹಳ್ಳಿ. ಕುಂಬಾರಕೊಪ್ಪಲು, ಮಂಚೇಗೌಡನ ಕೊಪ್ಪಲು, ಕನ್ನೇಗೌಡನ ಕೊಪ್ಪಲು ಎಂದು ಮೈಸೂರಿನ ಸುತ್ತ ಇಂಥವು ಹಲವಿದ್ದವು. ನಗರ ಬೆಳೆದಂತೆ ಒಂದೊಂದಾಗಿ ಅದರೊಳಗೆ ಸೇರಿಹೋದವು. ಒಂಟಿಕೊಪ್ಪಲಿನ ಆಸುಪಾಸು ಎದ್ದ ಬಡಾವಣೆಗೆ, 1895ರಿಂದ 1902ರವರೆಗೆ ರೀಜೆಂಟರಾಗಿ ಸಂಸ್ಥಾನವನ್ನು ಆಳಿದ ಮಹಾರಾಣಿ ವಾಣಿವಿಲಾಸ ಸನ್ನಿಧಾನದವರ ಹೆಸರು ಬಂತು. ಕಾಗದದ ಮೇಲೆ ಅದು ವಾಣಿವಿಲಾಸ ಮೊಹಲ್ಲಾ. ಜನರ ಬಾಯಲ್ಲಿ ಮಾತ್ರ ಇಂದಿಗೂ ಒಂಟಿಕೊಪ್ಪಲೇ. ಕುವೆಂಪು ಅವರ ‘ಉದಯರವಿ’ ಎಲ್ಲಿದೆ ಎಂದು ಕೇಳಿದರೂ ಹಳಬರು ಹೇಳುವುದು ಅದೇ ಹೆಸರನ್ನು.

ಹಳ್ಳಿಯೊಂದು ಹೀಗೆ ಮೊಹಲ್ಲಾ ಆದಾಗ ಅದರ ದೇವರ ಹಬ್ಬಗಳು ಏನಾಗುತ್ತವೆ? ಈ ಪ್ರಶ್ನೆಗೆ ಉತ್ತರ ಹುಡುಕುವ ಮೊದಲು, ನಮ್ಮ ದೇವರ ಹಬ್ಬಗಳಲ್ಲಿ ಎರಡು ಬಗೆ ಉಂಟೆಂಬುದನ್ನು ಗಮನಿಸಬೇಕು. ಒಂದು ತಿಥಿಯ ಹಬ್ಬ, ಇನ್ನೊಂದು ವಾರದ ಹಬ್ಬ.

ತಿಥಿಯ ಹಬ್ಬಕ್ಕೆ ಒಂಟಿಕೊಪ್ಪಲಿನ ವೆಂಕಟರಮಣಸ್ವಾಮಿ ದೇವಾಲಯದ ವೈಕುಂಠ ಏಕಾದಶಿಯೇ ಒಳ್ಳೆಯ ಉದಾಹರಣೆ. ಅಂದು ನಸುಕಿಗೇ ಸಾಲು ಬೆಳೆಯುತ್ತದೆ. ಸೂರ್ಯ ಧನುರಾಶಿಯಲ್ಲಿರುವಾಗ ಬರುವ ಶುಕ್ಲಪಕ್ಷದ ಏಕಾದಶಿಯೇ ವೈಕುಂಠ ಏಕಾದಶಿ. ಅಂದರೆ ಸೂರ್ಯನ ಲೆಕ್ಕ, ಚಂದ್ರನ ಲೆಕ್ಕ ಎರಡೂ ಕೂಡಬೇಕು. ಚಾಂದ್ರಮಾನದ ವರ್ಷ ಸೌರಮಾನಕ್ಕಿಂತ ಸುಮಾರು 11 ದಿನ ಚಿಕ್ಕದಾದ್ದರಿಂದ ಈ ಏಕಾದಶಿ ವರ್ಷವರ್ಷವೂ ಹಿಂದಕ್ಕೆ ಜಾರುತ್ತ ಹೋಗುತ್ತದೆ. ಜಾರಿ ಧನುರ್ಮಾಸದ ಹೊರಗೆ ಬಿದ್ದರೆ ಮುಂದಿನ ಏಕಾದಶಿಗೆ ಕಾಯಬೇಕು. 2024ರ ಡಿಸೆಂಬರಿನಲ್ಲಿ ಶುಕ್ಲ ಏಕಾದಶಿ 11ರಂದೇ ಬಂದುಹೋಯಿತು, ಸೂರ್ಯ ಧನುಸ್ಸಿಗೆ ಕಾಲಿಟ್ಟದ್ದು 4 ದಿನ ಕಳೆದ ಮೇಲೆ. ಹೀಗಾಗಿ 2024ರಲ್ಲಿ ವೈಕುಂಠ ಏಕಾದಶಿಯೇ ಇರಲಿಲ್ಲ. 2025ರಲ್ಲಿ ಜನವರಿ 10 ಮತ್ತು ಡಿಸೆಂಬರ್ 30, ಹೀಗೆ ಎರಡು ಬಾರಿ ಬಂತು.

ಆ ಎರಡನೆಯದಂತೂ ಪಂಚಾಂಗಕರ್ತರಿಗೆ ಕೈತುಂಬ ಕೆಲಸ ಕೊಟ್ಟ ದಿನ. ಸೂರ್ಯಚಂದ್ರರ ನಡುವಣ ಅಂತರ 12 ಅಂಶ ಬೆಳೆಯಲು ಬೇಕಾದ ಕಾಲವೇ ಒಂದು ತಿಥಿ. ಚಂದ್ರನ ವೇಗ ಒಂದೇ ಸಮನಾಗಿಲ್ಲದ್ದರಿಂದ ತಿಥಿಯ ಉದ್ದ ಸುಮಾರು 19 ಗಂಟೆಯಿಂದ 26 ಗಂಟೆಯವರೆಗೆ ಏರಿಳಿಯುತ್ತದೆ. ಸೂರ್ಯೋದಯಕ್ಕೆ ಯಾವ ತಿಥಿ ಇದೆಯೋ ಅದು ಆ ದಿನದ ತಿಥಿ ಎಂಬುದು ಸಾಮಾನ್ಯ ನಿಯಮ. 2025ರ ಡಿಸೆಂಬರ್ 30ರಂದು ಸೂರ್ಯ ಹುಟ್ಟಿ ಒಂದು ಗಂಟೆಯಾದ ಮೇಲೆ ಏಕಾದಶಿ ಹಿಡಿಯಿತು, ಮರುದಿನ ಸೂರ್ಯ ಹುಟ್ಟುವ ಮೊದಲೇ ಬಿಟ್ಟಿತು. ಯಾವ ಸೂರ್ಯೋದಯಕ್ಕೂ ಸಿಗಲಿಲ್ಲ. ಇದರ ಮೇಲೆ ಸ್ಮಾರ್ತರ ನಿಯಮ ಬೇರೆ, ವೈಷ್ಣವರದು ಬೇರೆ. ಸೂರ್ಯೋದಯಕ್ಕೆ 4 ಘಳಿಗೆ, ಅಂದರೆ 96 ನಿಮಿಷ ಮುಂಚಿನ ಅರುಣೋದಯ ಕಾಲಕ್ಕೆ ದಶಮಿಯ ಸೋಂಕಿದ್ದರೂ ವೈಷ್ಣವರು ಅಂದು ಉಪವಾಸ ಮಾಡರು. ಒಂದೇ ಬೀದಿಯ ಎರಡು ಮನೆಗಳಲ್ಲಿ ಏಕಾದಶಿ ಎರಡು ದಿನ ಬೀಳುವುದರ ಗುಟ್ಟು ಇದು.

ಇಷ್ಟೆಲ್ಲ ಜಟಿಲವಾದರೂ ತಿಥಿಯ ಹಬ್ಬಕ್ಕೆ ಒಂದು ಅನುಕೂಲವಿದೆ. ದಿನ ಅಚ್ಚಾಗಿ ಮನೆಗೇ ಬಂದಿರುತ್ತದೆ. ಪೂಜೆ ಆಗಮದಂತೆ ಅರ್ಚಕರಿಂದ ನಡೆಯುತ್ತದೆ. ಭಕ್ತನಾದವನು ಎಲ್ಲಿಂದಲಾದರೂ ಬರಬಹುದು, ಸಾಲಿನಲ್ಲಿ ನಿಂತು ಉತ್ತರದ್ವಾರವನ್ನು ದಾಟಬಹುದು, ಪಕ್ಕದವರ ಹೆಸರನ್ನೂ ಕೇಳದೆ ಮನೆಗೆ ಹೋಗಬಹುದು. ಊರು ಕರಗಿದರೂ ಈ ಹಬ್ಬ ಕರಗುವುದಿಲ್ಲ; ನಗರದಲ್ಲಿ ಇನ್ನಷ್ಟು ಬೆಳೆಯುತ್ತದೆ.

ವಾರದ ಹಬ್ಬದ ರೀತಿಯೇ ಬೇರೆ. ಮೈಸೂರು ಸೀಮೆಯ ಹಳ್ಳಿಗಳಲ್ಲಿ ಮಾರಮ್ಮನ ಹಬ್ಬವನ್ನು ಮಂಗಳವಾರವೋ ಶುಕ್ರವಾರವೋ ಮಾಡುತ್ತಾರೆ, ಮಾದೇಶ್ವರನಿಗೆ ಸೋಮವಾರ. ರಾಗಿ, ಅವರೆ, ಹುರುಳಿ ಮನೆ ಸೇರಿದ ಮೇಲೆ, ಮುಂಗಾರಿನ ಉಳುಮೆಗೆ ಮೊದಲು ಕಾಲ. ಆದರೆ ಯಾವ ವಾರ ಎಂಬುದು ಯಾವ ಪಂಚಾಂಗದಲ್ಲೂ ಇರುವುದಿಲ್ಲ. ಅದನ್ನು ಊರೇ ಗೊತ್ತುಮಾಡಬೇಕು. ಯಜಮಾನರು ಕಟ್ಟೆಯ ಮೇಲೆ ಕೂಡುತ್ತಾರೆ. ಮಾತು ಬಗೆಹರಿಯದಿದ್ದರೆ ದೇವರಿಗೆ ಹೂ ಏರಿಸಿ ಅಪ್ಪಣೆ ಕೇಳುತ್ತಾರೆ: ಬಲಕ್ಕೆ ಹೂ ಬಿದ್ದರೆ ಸರಿ, ಎಡಕ್ಕೆ ಬಿದ್ದರೆ ಇಲ್ಲ. ಮೈಸೂರಿನವರೇ ಆದ ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸ್ 1948ರಲ್ಲಿ ಮೈಸೂರಿಗೆ ಸಮೀಪದ ಕೊಡಗಹಳ್ಳಿಯಲ್ಲಿದ್ದು ಕಂಡದ್ದನ್ನು, ಊರಿಗೆ ರಾಂಪುರವೆಂಬ ಹೆಸರಿಟ್ಟು, 1976ರ ‘ದಿ ರಿಮೆಂಬರ್ಡ್ ವಿಲೇಜ್’ ಪುಸ್ತಕದಲ್ಲಿ ಬರೆದಿದ್ದಾರೆ. ಮಳೆಗಾಗಿ ಬಸವನಲ್ಲಿ ಹೂ ಕೇಳಿ, ಕೊಡದ ದೇವರನ್ನು ಹಿರಿಯರು ಮೂದಲಿಸುವ ಪ್ರಸಂಗ ಅದರಲ್ಲಿದೆ. ದೇವರೊಂದಿಗೆ ಆ ಸಲಿಗೆ ಇರುವುದು ಅವನು ಊರಿನವನೇ ಎಂಬ ಭಾವದಿಂದ.

ದಿನ ಗೊತ್ತಾದ ಮೇಲೆ ತಮಟೆ ಬಡಿದು ಸಾರುತ್ತಾರೆ. ಅಂದಿನಿಂದ ಹಬ್ಬ ಮುಗಿಯುವವರೆಗೆ ಊರಿಗೆ ಕಟ್ಟುಪಾಡು; ಹಲವೆಡೆ ಮನೆಯಲ್ಲಿ ಒಗ್ಗರಣೆ ಹಾಕುವಂತೆಯೂ ಇಲ್ಲ. ಹೊರಗೆ ಕೊಟ್ಟ ಹೆಣ್ಣುಮಕ್ಕಳಿಗೆ ಹೇಳಿಕಳಿಸುತ್ತಾರೆ. ಕುಂಬಾರರು ಹೊಸ ಮಡಕೆ ತರಬೇಕು, ಮಡಿವಾಳರು ದೇವರ ಕಾಲಡಿಗೆ ನಡೆಮಡಿ ಹಾಸಿ ಪಂಜು ಹಿಡಿಯಬೇಕು, ಕೊಂಡಕ್ಕೆ ಮನೆಗೊಂದು ಹೊರೆ ಸೌದೆ ಬೀಳಬೇಕು. ಅಕ್ಕಿಹಿಟ್ಟು ಬೆಲ್ಲ ಕಲಸಿದ ತಂಬಿಟ್ಟಿನ ಮುದ್ದೆಗೆ ಕುಳಿ ಮಾಡಿ, ತುಪ್ಪದ ಬತ್ತಿ ಹಚ್ಚಿ, ಹೆಂಗಸರು ತಲೆಯ ಮೇಲೆ ಹೊತ್ತು ತರುವ ಆರತಿ ಮನೆಮನೆಯಿಂದಲೂ ಹೊರಡಬೇಕು. ಒಂದು ಮನೆ ತಪ್ಪಿದರೂ ಹಬ್ಬ ಊನ. ನಸುಕಿನ ಹೊತ್ತಿಗೆ ಸೌದೆ ಉರಿದು ಕೆಂಡವಾದಾಗ ದೇವರನ್ನು ಹೊತ್ತವರು ಕೊಂಡ ಹಾಯುತ್ತಾರೆ.

ಇದನ್ನೆಲ್ಲ ಸೊಗಸಾಗಿ ವರ್ಣಿಸಿ ಸುಮ್ಮನಾಗುವುದು ನ್ಯಾಯವಲ್ಲ. ಊರೊಟ್ಟಿನ ಈ ಏರ್ಪಾಟಿನಲ್ಲಿ ಪಾಲು ಎಲ್ಲರಿಗೂ ಇತ್ತು, ಮರ್ಯಾದೆ ಸಮನಾಗಿರಲಿಲ್ಲ. ಹಬ್ಬವನ್ನು ಸಾರಿದ ತಮಟೆಯವನೇ ಗುಡಿಯ ಹೊರಗೆ ನಿಲ್ಲಬೇಕಾಗಿತ್ತು. ಅಸ್ಪೃಶ್ಯತೆಯ ವಿರುದ್ಧ 1955ರಲ್ಲಿ ಕಾಯ್ದೆ ಬಂತು, ಪ್ರಾಣಿಬಲಿಯ ವಿರುದ್ಧ 1959ರಲ್ಲಿ. ವಂಶಪಾರಂಪರ್ಯವಾದ ಗ್ರಾಮಾಧಿಕಾರಗಳನ್ನು ರದ್ದುಮಾಡುವ ಕಾಯ್ದೆ 1961ರದು. ಪಟೇಲರ ಅಧಿಕಾರ ಹೋಯಿತು. ತಮಟೆ ಬಡಿಯುವುದು ತನ್ನ ಹಣೆಬರಹವಲ್ಲವೆಂದು ಓದಿದ ಮಗ ಹೇಳಿದರೆ, ಹಬ್ಬ ಕೆಟ್ಟಿತೆಂದು ಅವನನ್ನು ದೂರುವ ಹಕ್ಕು ಯಾರಿಗೂ ಇಲ್ಲ.

ನಗರದೊಳಗಿನ ಕೊಪ್ಪಲುಗಳಲ್ಲಿ ವಾರದ ಹಬ್ಬ ಎದುರಿಸುವ ತೊಡಕು ಮಾತ್ರ ಬೇರೆಯದು. ಕೊಯ್ಲೇ ಇಲ್ಲದ ಕಡೆ ಕೊಯ್ಲಿನ ನಂತರ ಎಂದರೇನು? ಮಂಗಳವಾರ ಕಚೇರಿಗೆ ರಜೆ ಇಲ್ಲ. ಆದ್ದರಿಂದ ಎಷ್ಟೋ ಕಡೆ ನೆಂಟರ ಊಟ ಭಾನುವಾರಕ್ಕೆ ಸರಿದಿದೆ. ಸಾರುವ ಕೆಲಸ ಆಟೋರಿಕ್ಷಾದ ಧ್ವನಿವರ್ಧಕಕ್ಕೆ, ಹೊರೆ ಸೌದೆಯ ಕೆಲಸ ಡಿಪೋದ ಲಾರಿಗೆ ಹೋಗಿದೆ. ಇವೆಲ್ಲ ಸಣ್ಣ ಹೊಂದಾಣಿಕೆಗಳು, ಹಬ್ಬ ಇವನ್ನು ತಾಳಿಕೊಳ್ಳುತ್ತದೆ.

ಕಷ್ಟದ ಪ್ರಶ್ನೆ ವಂತಿಗೆಯದು. ವಂತಿಗೆಯೂ ಕಾಣಿಕೆಯೂ ಒಂದೇ ಅಲ್ಲ. ಹುಂಡಿಗೆ ಯಾರು ಬೇಕಾದರೂ ಕಾಣಿಕೆ ಹಾಕಬಹುದು, ಎಷ್ಟೆಂದು ಯಾರೂ ಕೇಳರು. ವಂತಿಗೆ ಮನೆ ಲೆಕ್ಕದ್ದು. ಅದನ್ನು ಕೊಟ್ಟ ಮನೆ ಊರಿನ ಮನೆ, ಅಲ್ಲಿಂದ ಆರತಿ ಹೊರಡುತ್ತದೆ, ಅದರ ಬಾಗಿಲಲ್ಲಿ ದೇವರು ನಿಲ್ಲುತ್ತದೆ. ಮೆರವಣಿಗೆ ಸಾಗುವುದು ಹಳೆಯ ಊರಿನ ಎಲ್ಲೆ ಹಿಡಿದು. ಆ ಎಲ್ಲೆಯೊಳಗೆ ಈಗ ಮೂರಂತಸ್ತಿನ ಕಟ್ಟಡಗಳೆದ್ದು, ಮಹಡಿಗಳಲ್ಲಿ ಹಾಸನದವರು, ಹುಬ್ಬಳ್ಳಿಯವರು, ಹೊರರಾಜ್ಯದವರು ಬಾಡಿಗೆಗಿದ್ದಾರೆ. ರಸೀದಿ ಪುಸ್ತಕ ಹಿಡಿದು ಹೊರಟ ಹಬ್ಬದ ಸಮಿತಿಯವರು ಕೆಳಗಿನ ಮನೆಯ ಮಾಲೀಕರಿಂದ ವಂತಿಗೆ ಪಡೆದು, ಇನ್ನು ಮೆಟ್ಟಿಲು ಹತ್ತಬೇಕೋ ಬೇಡವೋ ಎಂದು ಒಬ್ಬರ ಮುಖ ಒಬ್ಬರು ನೋಡುತ್ತಾರೆ.