ಬೆಳಕು ಅಳೆಯಲು ಯಾವ ಮಾಪಕ?

ಕೋಣೆಯಲ್ಲಿ ದೀಪದಡಿ ಬೆಳೆಸಿದ ಟೊಮೇಟೊ ಸಸಿಗಳು ನೀಳವಾಗಿ ಬೆಳೆದು ಬಾಗಿದರೆ, ಹೆಚ್ಚಾಗಿ ಬೆಳಕಿನ ಕೊರತೆಯೇ ಕಾರಣ. ಇಲ್ಲಿ ಕಣ್ಣಂದಾಜು ನಡೆಯದು. ನಮಗೆ ಬೆಳ್ಳಗೆ ಕಾಣುವ ಕೋಣೆಯಲ್ಲಿ 500 ಲಕ್ಸ್ ಇದ್ದರೆ, ಬಯಲಿನ ನಡುಹಗಲಿನ ಬಿಸಿಲು ಸುಮಾರು 1 ಲಕ್ಷ ಲಕ್ಸ್!

ಎಲೆಗೆ ಬೇಕಾದ ಬೆಳಕನ್ನೇ ಅಳೆಯುವ ಕ್ವಾಂಟಂ ಮಾಪಕ ದುಬಾರಿ. ಬಿಳಿ ಎಲ್‌ಇಡಿ ದೀಪಕ್ಕೆ ಅಗ್ಗದ ಲಕ್ಸ್ ಮಾಪಕವೇ ಸಾಕು. ಬೆಳಕು ಗ್ರಹಿಸುವ ಬಿಲ್ಲೆ ತಂತಿಯ ತುದಿಯಲ್ಲಿ ಬೇರೆಯಾಗಿರುವುದನ್ನು ಕೊಳ್ಳಿರಿ. ಬಿಲ್ಲೆಯನ್ನು ಎಲೆಯ ಮಟ್ಟದಲ್ಲಿ ಮೇಲ್ಮುಖವಾಗಿಟ್ಟು, ತಟ್ಟೆಯ ನಡುವೆಯೂ ಅಂಚಿನಲ್ಲಿಯೂ ಅಳೆಯಿರಿ. ನಿಮ್ಮ ನೆರಳು ಬೀಳದಿರಲಿ. ಸಸಿಗಳಿಗೆ 10ರಿಂದ 15 ಸಾವಿರ ಲಕ್ಸ್ ಸಿಗಬೇಕು.

ಕೆಂಪು-ನೀಲಿ ದೀಪದಡಿ ಮಾತ್ರ ಈ ಮಾಪಕ ದಾರಿ ತಪ್ಪಿಸುತ್ತದೆ. ಮನುಷ್ಯನ ಕಣ್ಣಿನಂತೆ ಹಸಿರು-ಹಳದಿಗೇ ಹೆಚ್ಚು ಸ್ಪಂದಿಸುವುದರಿಂದ, ಸಾಕಷ್ಟಿದ್ದ ಬೆಳಕನ್ನೂ ಕಡಿಮೆ ತೋರಿಸುತ್ತದೆ. ಆ ಅಂಕಿ ನಂಬಿ ಇನ್ನೊಂದು ದೀಪ ಕೊಳ್ಳಬೇಡಿರಿ.