ತಂತ್ರಾಂಶ ಆವೃತ್ತಿಗಳ ಪೌರ್ವಾಪರ್ಯ ನಿರ್ಣಯ

ಗ್ರಂಥಗಳಂತೆ ತಂತ್ರಾಂಶಗಳಿಗೂ ಆವೃತ್ತಿಸಂಖ್ಯೆ ನೀಡುವುದು ರೂಢಿ. ಆದರೆ ಎರಡು ಆವೃತ್ತಿಗಳಲ್ಲಿ ಯಾವುದು ಹಿಂದಿನದು, ಯಾವುದು ಅನಂತರದ್ದು ಎಂಬುದನ್ನು ಇಲ್ಲಿ ಬಹುಮಟ್ಟಿಗೆ ನಿರ್ಣಯಿಸುವುದು ಗಣಕಯಂತ್ರ. ನಿರ್ಣಯ ತಪ್ಪಿದರೆ, ಭದ್ರತಾದೋಷವನ್ನು ನಿವಾರಿಸಿದ ಹೊಸ ಆವೃತ್ತಿಯನ್ನೇ ಹಳೆಯದೆಂದು ಬಗೆದು ಯಂತ್ರವು ಕೈಬಿಡಬಹುದು. ಆದಕಾರಣ ಹೋಲಿಕೆಯ ನಿಯಮಗಳು ಸುಸಂಗತವಾಗಿರುವುದು ಅಗತ್ಯ.

ಮೊದಲ ತೊಡಕು ಬಿಂದುವಿನ ಅರ್ಥಕ್ಕೆ ಸಂಬಂಧಿಸಿದ್ದು. ಡ್ಯೂಯಿ ದಶಮಾಂಶ ವರ್ಗೀಕರಣದಲ್ಲಿ ಕರ್ನಾಟಕದ ಇತಿಹಾಸವನ್ನು ಸೂಚಿಸುವ 954.87 ಎಂಬುದು ಕಪಾಟಿನಲ್ಲಿ 954.9ಕ್ಕಿಂತ ಮೊದಲು ನಿಲ್ಲುತ್ತದೆ. ಅಲ್ಲಿ ಬಿಂದುವಿನ ಬಲಭಾಗ ದಶಮಾಂಶ. ತಂತ್ರಾಂಶದಲ್ಲಾದರೋ ಬಿಂದುವು ಸಾಮಾನ್ಯವಾಗಿ ಕೇವಲ ವಿಭಾಜಕ. ಹೀಗಾಗಿ 1.87 ಎಂಬುದು 1.9ರ ಅನಂತರದ್ದು. ಘಟಕಗಳನ್ನು ಬೇರ್ಪಡಿಸಿ, ಎಡದಿಂದ ಬಲಕ್ಕೆ, ಪೂರ್ಣಾಂಕಗಳಾಗಿ ಹೋಲಿಸಬೇಕಾಗುತ್ತದೆ.

ಎರಡನೆಯ ತೊಡಕು ಅಂಕಿ–ಅಕ್ಷರಗಳ ಮಿಶ್ರಣದಿಂದ ಹುಟ್ಟುತ್ತದೆ. ಎರಡೂ ಘಟಕಗಳು ಅಂಕಿಗಳಾಗಿದ್ದರೆ ಸಂಖ್ಯಾಕ್ರಮ, ಇಲ್ಲವಾದರೆ ಅಕ್ಷರಕ್ರಮ ಎಂಬ ನಿಯಮವು ಮೇಲ್ನೋಟಕ್ಕೆ ಸಮಂಜಸವೆನಿಸುತ್ತದೆ. 2, 10, 1ಅ ಎಂಬ ಮೂರು ಘಟಕಗಳನ್ನು ಪರಿಶೀಲಿಸೋಣ. ಸಂಖ್ಯಾಕ್ರಮದಲ್ಲಿ 2ರ ಅನಂತರ 10. ಲಿಪಿಸಂಕೇತಗಳಲ್ಲಿ ಅಂಕಿಗಳು ಅಕ್ಷರಗಳಿಗಿಂತ ಮೊದಲು ಬರುವುದರಿಂದ 10ರ ಅನಂತರ 1ಅ. ಆದರೆ ಅದೇ ಅಕ್ಷರಕ್ರಮದಲ್ಲಿ 1ಅ ಎಂಬುದರ ಅನಂತರ 2! ಕ್ರಮವು ಚಕ್ರವಾಗಿ ಪರಿಣಮಿಸಿ, ಅತ್ಯಂತ ಹೊಸದು ಯಾವುದೆಂಬ ಪ್ರಶ್ನೆಗೆ ಉತ್ತರವೇ ಇಲ್ಲದಂತಾಗುತ್ತದೆ. ಕೇವಲ ಅಂಕಿಗಳುಳ್ಳ ಘಟಕವು ಅಕ್ಷರವುಳ್ಳ ಘಟಕಕ್ಕಿಂತ ಸದಾ ಹಿಂದಿನದೆಂದು ವಿಧಿಸಿದರೆ ಈ ದೋಷ ನೀಗುತ್ತದೆ. 2013ರ ‘ಸೆಮ್ಯಾಂಟಿಕ್ ವರ್ಷನಿಂಗ್ 2.0.0’ ನಿರೂಪಣೆಯು ಬಿಡುಗಡೆಪೂರ್ವ ಗುರುತುಗಳಿಗೆ ಇದನ್ನೇ ವಿಧಿಸುತ್ತದೆ.

ಮೂರನೆಯದು ಬಿಡುಗಡೆಪೂರ್ವ ಆವೃತ್ತಿಗಳ ಸ್ಥಾನ. 1.0.0-ಆಲ್ಫಾ ಎಂಬುದು ಉದ್ದದಲ್ಲಿ ಹೆಚ್ಚಿದ್ದರೂ 1.0.0ಕ್ಕಿಂತ ಹಿಂದಿನದು. ಇಲ್ಲಿ ಪದ್ಧತಿಗಳು ಭಿನ್ನವಾಗುತ್ತವೆ. ಸೆಮ್ಯಾಂಟಿಕ್ ಪದ್ಧತಿಯಲ್ಲಿ ಕಿರುಗೆರೆಯು ಬಿಡುಗಡೆಪೂರ್ವ ಸ್ಥಿತಿಯ ಸೂಚಕ. ಡೆಬಿಯನ್ ಪದ್ಧತಿಯಲ್ಲಿ ಆ ಕಾರ್ಯವನ್ನು ಅಲೆಗೆರೆ ನಿರ್ವಹಿಸುತ್ತದೆ. ಅಲ್ಲಿ ಕಿರುಗೆರೆಯ ಅನಂತರದ ಭಾಗ ಪರಿಷ್ಕರಣದ ಸಂಖ್ಯೆ. ಪರಿಣಾಮವಾಗಿ 1.0.0-1 ಎಂಬ ಒಂದೇ ಬರಹವು ಮೊದಲನೆಯ ಪದ್ಧತಿಯಂತೆ 1.0.0ಕ್ಕಿಂತ ಹಿಂದಿನದು, ಎರಡನೆಯದರಂತೆ ಮುಂದಿನದು. ಸಂಖ್ಯಾಪದ್ಧತಿಯನ್ನೇ ನಡುವೆ ಬದಲಿಸಿದಾಗ ನೆರವಾಗಲೆಂದು ಡೆಬಿಯನ್ ಯುಗಸಂಖ್ಯೆಯೊಂದನ್ನೂ ಕಲ್ಪಿಸಿದೆ: 1:1.0 ಎಂಬುದು 20130101 ಎಂಬುದಕ್ಕಿಂತ ಹೊಸದು.

ಇದರಿಂದ ಸಿದ್ಧಿಸುವುದಿಷ್ಟು: ಆವೃತ್ತಿಯ ಪೌರ್ವಾಪರ್ಯವು ಬರಹದಲ್ಲಿ ಸ್ವತಃ ಅಡಗಿಲ್ಲ, ನಿಯಮದಲ್ಲಿದೆ. ಯಾವ ಎರಡನ್ನು ತೆಗೆದುಕೊಂಡರೂ ಉತ್ತರ ದೊರೆಯಬೇಕು. ಯಾವ ಮೂರನ್ನು ತೆಗೆದುಕೊಂಡರೂ ಚಕ್ರ ಮೂಡಬಾರದು. ಆವೃತ್ತಿಗಳನ್ನು ಸಂಗ್ರಹಿಸಿಡುವ ಸಂಸ್ಥೆಗಳು ಸಂಖ್ಯೆಯ ಜೊತೆಗೆ ಅದು ಅನುಸರಿಸಿದ ಪದ್ಧತಿಯನ್ನೂ ದಾಖಲಿಸುವುದು ಈ ಕಾರಣದಿಂದ ಉಚಿತ.